ಧೂಳು ಎಂದು ಹೇಳಿದ ನೆಗಡಿ

2011ರ ಜನವರಿಯಲ್ಲಿ ನಾನು ಚಿಕ್ಕೋಡಿ ತಾಲ್ಲೂಕಿನ ಕರೋಶಿಯಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿದ್ದೆ. ತುಮಕೂರು ಕಡೆಯವಳು, ವಯಸ್ಸು ನಲವತ್ತೆಂಟು, ಒಂಟಿ. ಹಗಲೆಲ್ಲ ಮನೆಮನೆ ತಿರುಗಿ ಎಲ್ಲರ ಬಾಯಲ್ಲೂ 'ಸಿಸ್ಟರ್' ಆಗಿದ್ದವಳಿಗೆ ಸಂಜೆ ಕ್ವಾರ್ಟರ್ಸಿನ ಬಾಗಿಲು ತೆಗೆದರೆ ಮಾತನಾಡಲು ಒಂದು ನರಪಿಳ್ಳೆಯೂ ಇರಲಿಲ್ಲ.

ಪಕ್ಕದ್ದು ಕಬ್ಬು ಬೆಳೆಯುವವರ ಮನೆ. ಅವರ ಮಗಳು ಸುರೇಖಾ ಹೆರಿಗೆಗೆ ತವರಿಗೆ ಬಂದಿದ್ದಳು. ಕೂಸು ಸಾನಿಕಾಳಿಗೆ ಎರಡೂವರೆ ತಿಂಗಳು. ಪ್ರತಿ ಸಂಜೆ ಐದಕ್ಕೆ ಹೋಗಿ ಅದನ್ನು ಅರ್ಧ ಗಂಟೆ ಎತ್ತಿಕೊಂಡು ಓಡಾಡುತ್ತಿದ್ದೆ. ದಿನವೆಲ್ಲ ಆ ಅರ್ಧ ಗಂಟೆಗೇ ಕಾಯುತ್ತಿದ್ದೆ.

ಒಂದು ಸಂಜೆ ನನ್ನ ಮೂಗು ಸೋರುತ್ತಿತ್ತು. ಸುರೇಖಾ ಕೇಳಿಯೇಬಿಟ್ಟಳು: "ನೆಗಡಿ ಆಗೇತೇನ್ರಿ ಸಿಸ್ಟರ್?"

"ಇಲ್ಲಮ್ಮ, ಕಬ್ಬಿನ ಟ್ರ್ಯಾಕ್ಟರ್ ಧೂಳು," ಎಂದೆ. ನೆಗಡಿ ಇದ್ದವರು ಕೂಸಿನ ಹತ್ತಿರ ಸುಳಿಯಬಾರದೆಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ ನಾನೇ ಹಾಗೆಂದೆ. ಹೌದು ಎಂದರೆ ಕೂಸು ಕೈಗೆ ಬರುತ್ತಿರಲಿಲ್ಲ.

ಐದನೇ ದಿನ ಬೆಳಿಗ್ಗೆ ಸುರೇಖಾಳ ತಾಯಿ ಓಡಿಬಂದರು. "ಕೂಸು ಹಾಲ ಕುಡಿಯವಲ್ದರಿ. ಎದಿ ಗೊರಗೊರ ಅನ್ನಾಕತ್ತೈತಿ." ಹೋಗಿ ಅಂಗಿ ಸರಿಸಿ ನೋಡಿದೆ. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದೆ: ಎಪ್ಪತ್ತೆರಡು. ಆ ವಯಸ್ಸಿಗೆ ಐವತ್ತು ಮುಟ್ಟಿದರೇ ಎಚ್ಚರವಾಗಬೇಕು. 108ಕ್ಕೆ ಫೋನ್ ಮಾಡಿ, ಆಂಬ್ಯುಲೆನ್ಸಿಗೆ ನಾನೂ ಹತ್ತಿದೆ.

ಚಿಕ್ಕೋಡಿಯಲ್ಲಿ ಮಕ್ಕಳ ವೈದ್ಯರು ಆಕ್ಸಿಜನ್ ಹಚ್ಚಿ, ಬ್ರಾಂಕಿಯೊಲೈಟಿಸ್ ಎಂದರು. ದೊಡ್ಡವರಿಗೆ ಬರೀ ನೆಗಡಿ ತರುವ ವೈರಸ್ ಎಳೆಗೂಸಿನಲ್ಲಿ ಶ್ವಾಸಕೋಶದ ಸಣ್ಣ ನಾಳಗಳಿಗೆ ಇಳಿಯುತ್ತದೆ. ಒಳಗೋಡೆ ಉರಿಯೂತದಿಂದ ಬಾತು, ಕಫ ತುಂಬಿ, ಗಾಳಿಯ ದಾರಿ ಕಿರಿದಾಗುತ್ತದೆ. ಆ್ಯಂಟಿಬಯೋಟಿಕ್ ವೈರಸ್ಸಿಗೆ ನಾಟುವುದಿಲ್ಲ. ಆಕ್ಸಿಜನ್ ಕೊಟ್ಟು, ಮೂಗಿನ ನಳಿಕೆಯಿಂದ ಹಾಲು ಕೊಟ್ಟು ಕಾಯಬೇಕು.

"ಮನ್ಯಾಗ ಯಾರಿಗರೆ ನೆಗಡಿ ಇತ್ತೇನ್ರಿ?" ಎಂದು ಅವರು ಕೇಳಿದರು.

"ಯಾರಿಗೂ ಇಲ್ರಿ ಸರ್," ಎಂದಳು ಸುರೇಖಾ.

"ನನಗಿತ್ತು," ಎಂದೆ.

ಸುರೇಖಾ ನನ್ನ ಮುಖ ನೋಡಿದಳು. "ಧೂಳ ಅಂದ್ರಲ್ರಿ?"

"ನಿಮ್ಮಿಂದನ ಬಂತಂತ ಹೇಳಾಕ ಬರೂದಿಲ್ಲ ಸಿಸ್ಟರ್," ಎಂದರು ವೈದ್ಯರು. ಅದು ನಿಜವೇ. ಆದರೂ ನನಗೆ ಸಮಾಧಾನವಾಗಲಿಲ್ಲ.

ಮೂರು ದಿನ ಏನೂ ಹೇಳುವಂತಿರಲಿಲ್ಲ. ನಾಲ್ಕನೇ ದಿನ ಕೂಸು ತಾಯಿಯ ಹಾಲು ಎಳೆದು ಕುಡಿಯಿತು, ಆರನೇ ದಿನ ಮನೆಗೆ ಬಂತು. ಆ ಮನೆಯವರು ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಸಂಜೆ ಐದಾದರೆ ನಾನು ಒಳಗೇ ಕುಳಿತು ರಿಜಿಸ್ಟರ್ ಬರೆಯುತ್ತಿದ್ದೆ. ಆಚೆ ಕೂಸು ಅತ್ತರೆ ಪೆನ್ನು ನಿಲ್ಲುತ್ತಿತ್ತು.

ಕೂಸಿಗೆ ಐದು ತಿಂಗಳಾದಾಗ ತಾಯಿ-ಮಗು ಇಬ್ಬರನ್ನೂ ಬೇಡಕಿಹಾಳದ ಗಂಡನ ಮನೆಗೆ ಕರೆದೊಯ್ಯಲು ಜೀಪು ಬಂತು. ಹೊರಡುವ ಮುಂಚೆ ಸುರೇಖಾ ನನ್ನ ಬಾಗಿಲಿಗೆ ಬಂದು ಕೂಸನ್ನು ಚಾಚಿದಳು. "ಹಿಡೀರಿ ಸಿಸ್ಟರ್, ಹೊಂಟೇವಿ."

ನನ್ನ ಕೈ ಆಗಲೇ ಮುಂದೆ ಹೋಗಿತ್ತು. ಬೆಳಿಗ್ಗೆಯಿಂದ ಗಂಟಲು ಕೆರೆಯುತ್ತಿತ್ತು, ಸ್ವಲ್ಪವೇ.

"ಬೇಡ ಸುರೇಖಾ, ಗಂಟಲು ಸರಿಯಿಲ್ಲ."

ಅವಳು ಎರಡು ಹೆಜ್ಜೆ ಹಿಂದೆ ಸರಿದು, ಕೂಸಿನ ಮುಖವನ್ನು ನನ್ನತ್ತ ತಿರುಗಿಸಿ ಹಿಡಿದಳು. "ಹಂಗಾರ ಅಲ್ಲಿಂದನ ಮಾತಾಡ್ಸ್ರಿ." ಮಾತಾಡಿಸಿದೆ. ಅದು ನಕ್ಕಿತು.

ಈಗ ನಿವೃತ್ತಳಾಗಿದ್ದೇನೆ. ಊರಿಗೆ ಹೇಳುವ ಬುದ್ಧಿಮಾತು ಮೊದಲು ಹೇಳುವವಳಿಗೇ ಸೇರಿದ್ದು ಎಂದು ಈ ಕೆಲಸ ನನಗೆ ಕಲಿಸಿತು. ಅದನ್ನು ಪಾಲಿಸಿದ ಆ ದಿನ, ಜೀಪು ಹೋದ ಮೇಲೆ, ಬಾಗಿಲು ಹಾಕಿಕೊಂಡು ಅತ್ತೆ.