ವೆಂಡೆಲ್ ಸ್ಕಾರ್ ಹೊತ್ತ ಮಾಂಸ

ನಮ್ಮೂರಲ್ಲಿ ಬೇಟೆಯ ಮಾಂಸ ಕತ್ತರಿಸಿ ಕಟ್ಟಿಕೊಡುವ ಅಂಗಡಿ ನನ್ನದೊಂದೇ. ಇಪ್ಪತ್ತಾರು ವರ್ಷಗಳಿಂದ ಇದೇ ಕೆಲಸ. ಸೆಪ್ಟೆಂಬರ್ ಮುಗಿದು ಬೆಟ್ಟದ ಮೇಲೆ ಆಸ್ಪೆನ್ ಮರಗಳು ಹಳದಿ ತಿರುಗಿದವೆಂದರೆ ನನ್ನ ಹಿಂಬಾಗಿಲಿಗೆ ಎಲ್ಕ್ ಎಂಬ ದೊಡ್ಡ ಜಿಂಕೆಯ ತೊಡೆಗಳು ಬರಲು ಶುರು. ಮೇಜಿನ ಮೇಲೆ ಮಾಂಸ ಬಿದ್ದ ಕೂಡಲೇ ತಂದವನು ಎಂಥ ಬೇಟೆಗಾರ ಎಂದು ನನಗೆ ತಿಳಿದುಬಿಡುತ್ತದೆ. ಗುಂಡು ಎಲ್ಲಿ ತಾಗಿತು, ಪೆಟ್ಟು ತಿಂದ ಪ್ರಾಣಿ ಎಷ್ಟು ದೂರ ಓಡಿತು, ಚರ್ಮ ಸುಲಿಯಲು ಎಷ್ಟು ತಡ ಮಾಡಿದರು, ಎಲ್ಲವೂ ಅದರಲ್ಲೇ ಇರುತ್ತದೆ. ಒಂದು ಕೂದಲೂ ಇಲ್ಲದೆ, ಮಣ್ಣಿಲ್ಲದೆ, ಒಗೆದ ಹತ್ತಿ ಚೀಲದಲ್ಲಿ ಮೇಲ್ಮೈ ತೆಳುವಾಗಿ ಒಣಗಿದ ಮಾಂಸ ಬಂತೆಂದರೆ, ಚೀಟಿ ಓದುವ ಮುಂಚೆಯೇ ಇದು ವೆಂಡೆಲ್ ಇಳಿಸಿದ್ದು ಅನ್ನುತ್ತಿದ್ದೆ.

ವೆಂಡೆಲ್ ಸ್ಕಾರ್ ನಾನು ಓದಿದ ಶಾಲೆಯಲ್ಲೇ ಓದಿದವನು, ನನಗಿಂತ ಮೂರು ತರಗತಿ ಮುಂದೆ. ಹತ್ತೊಂಬತ್ತನೇ ವಯಸ್ಸಿಗೆ, ಹಣ ಕೊಟ್ಟವರನ್ನು ಬೆಟ್ಟಕ್ಕೆ ಬೇಟೆಗೆ ಕರೆದೊಯ್ಯುವ ಹೆಂಡ್ರಿಯವರ ಶಿಬಿರದಲ್ಲಿ ಹೇಸರಗತ್ತೆ ನಡೆಸಲು ಸೇರಿ, ಆಮೇಲೆ ಅಲ್ಲೇ ಗೈಡ್ ಆದ. ದೊಡ್ಡ ಹೆಂಡ್ರಿ ಸತ್ತು ಮಗ ರಸ್ ಯಜಮಾನನಾದ ಮೇಲೂ ಅಲ್ಲೇ ಉಳಿದ. ಒಟ್ಟು ಮೂವತ್ತನಾಲ್ಕು ವರ್ಷ. ನಡುವೆ ಎರಡು ವರ್ಷ ಮದುವೆಯಾಗಿದ್ದ. ಬೇಟೆಯ ಕಾಲ ಪೂರ್ತಿ ಬೆಟ್ಟದ ಮೇಲಿದ್ದು, ಉಳಿದ ಕಾಲ ಬೆಟ್ಟದ ಮಾತೇ ಆಡುವ ಗಂಡನ ಜೊತೆ ಬಾಳಲಾರೆ ಎಂದು ಆಕೆ ಶಯಾನ್ ಪಟ್ಟಣಕ್ಕೆ ಹೊರಟುಹೋದಳು. ಅವನು ಅವಳ ಮೇಲೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ.

ಅವನ ಹತ್ತಿರ ಇದ್ದದ್ದು ಅಮ್ಮ ಟೋರಾ ಬಿಟ್ಟುಹೋದ ರೈಫಲ್. ವಾಲ್ನಟ್ ಮರದ ಹಿಡಿ ಕೈ ತಾಗಿ ತಾಗಿ ಕಪ್ಪಾಗಿತ್ತು, ಮೇಲೊಂದು ಸಣ್ಣ ದುರ್ಬೀನು. ಮುನ್ನೂರು ಹೆಜ್ಜೆಯಿಂದ ಆಚೆ ಇರುವ ಪ್ರಾಣಿ ನಮ್ಮದಲ್ಲ ಎಂದು ಟೋರಾ ಕಲಿಸಿದ್ದಳು. ಅವನ ಕಣ್ಣೆದುರಿಗೇ ಗಿರಾಕಿಗಳ ರೈಫಲ್‌ಗಳು ಬದಲಾದವು. ಮೊದಮೊದಲು ಭುಜ ಮುರಿಯುವಂಥ ದೊಡ್ಡ ಗುಂಡಿನವು ಬಂದವು. ಆಮೇಲೆ ಕೈತೋಳಿನಷ್ಟು ಉದ್ದದ ದುರ್ಬೀನಿನವು, ದೂರ ಅಳೆಯುವ ಯಂತ್ರದವು, ತಿರುಪು ತಿರುಗಿಸಿದರೆ ಅರ್ಧ ಮೈಲಿಗೆ ಗುರಿ ಕೂರುವಂಥವು.

"ರೈಫಲ್ ದೂರ ಹೊಡೆಯೋದು ಕಲೀತು ನೋರೀನ್," ಅಂದಿದ್ದ ಒಂದು ಸಲ, ನನ್ನ ಮೇಜಿನ ಮೇಲೆ ಚೀಲ ಇಳಿಸುತ್ತ. "ಹೊರೋ ಬೆನ್ನು ಮಾತ್ರ ಹಳೇದೇ."

ಆ ಬೆನ್ನಿನ ಕೆಲಸ ನೋಡದವರಿಗೆ ಗೊತ್ತಾಗುವುದಿಲ್ಲ. ಒಂದು ಗಂಡು ಎಲ್ಕ್ ಬಿದ್ದರೆ ಹಿಂದಿನ ಒಂದೊಂದು ತೊಡೆಯೇ ಎಂಬತ್ತು, ತೊಂಬತ್ತು ಪೌಂಡು. ಮುಂಗಾಲು ಎರಡು, ಬೆನ್ನುಮೂಳೆಯ ಪಕ್ಕದ ಉದ್ದ ಮಾಂಸ, ಕುತ್ತಿಗೆ, ಪಕ್ಕೆಲುಬು ಬೇರೆ. ಎರಡು ಹೇಸರಗತ್ತೆ ಬೇಕು, ತಲೆಗೂ ಕೊಂಬಿಗೂ ಇನ್ನೊಂದು. ಎರಡು ಕಡೆಯ ತೂಕ ಒಂದಿಷ್ಟು ಹೆಚ್ಚುಕಡಿಮೆಯಾದರೂ ಹೇರು ಜಾರಿ, ಇಳಿಜಾರಲ್ಲಿ ಪ್ರಾಣಿಯೂ ಹೋಗುತ್ತದೆ, ಮಾಂಸವೂ ಹೋಗುತ್ತದೆ. ವೆಂಡೆಲ್ ತಕ್ಕಡಿ ಮುಟ್ಟುತ್ತಿರಲಿಲ್ಲ. ಕೈಯಲ್ಲಿ ಎತ್ತಿ ನೋಡಿ, ಹಗುರಾದ ಕಡೆಗೊಂದು ಕಲ್ಲು ಹಾಕುತ್ತಿದ್ದ. ಹೇಸರಗತ್ತೆ ಇಳಿಯಲಾಗದ ಕಣಿವೆಯಾದರೆ ಹೊರೆ ಹೊರುವ ಚೌಕಟ್ಟು ಬೆನ್ನಿಗೆ ಕಟ್ಟಿಕೊಂಡು ಅವನೇ ಐದಾರು ಸಲ ಹತ್ತಿ ಇಳಿಯುತ್ತಿದ್ದ. ಕುತ್ತಿಗೆಯ ಮಾಂಸವನ್ನೂ ಯಾವತ್ತೂ ಬಿಟ್ಟು ಬಂದವನಲ್ಲ.

ಅವನು ಶಿಬಿರದಲ್ಲಿದ್ದ ಕೊನೆಯ ವರ್ಷ ಅಕ್ಟೋಬರ್‌ನಲ್ಲಿ ಚಳಿಯೇ ಬರಲಿಲ್ಲ. ಒಹಾಯೋದಿಂದ ಬ್ರಾಡ್ವೆಲ್ ಎಂಬ ಗಿರಾಕಿ ಬಂದಿದ್ದ. ಕೆಟ್ಟ ಮನುಷ್ಯನಲ್ಲ. ನಗುತ್ತಿದ್ದ, ಅಡುಗೆಯವನನ್ನು ಹೊಗಳುತ್ತಿದ್ದ. ಸಂಜೆಗೆ ಒಂದು ಗಂಟೆ ಇರುವಾಗ ಕಣಿವೆಯ ಆಚೆ ದಂಡೆಯಲ್ಲಿ ಆರು ಕವಲಿನ ಕೊಂಬಿನ ಗಂಡು ಮಲಗಿದ್ದು ಕಂಡಿತು. ಏಳುನೂರ ಇಪ್ಪತ್ತು ಗಜ ಎಂದು ಯಂತ್ರ ಹೇಳಿತು. ಅಲ್ಲಿ ನಡೆದ ಮಾತನ್ನು ವೆಂಡೆಲ್ ನನಗೆ ಹೇಳಿದ್ದು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ.

"ಆ ಬಂಡೆ ತನಕ ಇಳಿಯೋಣ. ಅರ್ಧ ಗಂಟೆ ಸಾಕು. ಅದು ಮಲಗಿದೆ, ಎಲ್ಲೂ ಹೋಗಲ್ಲ," ಅಂದ ವೆಂಡೆಲ್.

"ಯಾಕೆ ಇಳೀಬೇಕು? ಈ ರೈಫಲ್ ಏನ್ಮಾಡತ್ತೆ ಅಂತ ನಿಮಗೆ ಗೊತ್ತಿಲ್ಲ."

"ರೈಫಲ್ ಏನ್ಮಾಡತ್ತೆ ಅಂತ ಗೊತ್ತು. ಕಣಿವೆಯಲ್ಲಿ ಗಾಳಿ ಏನ್ಮಾಡತ್ತೆ ಅಂತ ನಿಮಗೆ ಗೊತ್ತಿಲ್ಲ."

ಬ್ರಾಡ್ವೆಲ್ ನಕ್ಕು, ತಿರುಪು ತಿರುಗಿಸಿ, ಹೊಡೆದ. ಮೊದಲ ಗುಂಡು ಹೊಟ್ಟೆಗೆ ಬಿತ್ತು. ಎರಡನೆಯದು ಎಲ್ಲಿ ಹೋಯಿತೋ. ಮೂರನೆಯದು ಸೊಂಟಕ್ಕೆ. ಪ್ರಾಣಿ ಹಿಂದಿನ ಕಾಲು ಎಳೆದುಕೊಂಡು, ಕಾಡ್ಗಿಚ್ಚಿಗೆ ಸುಟ್ಟು ಅಡ್ಡಾದಿಡ್ಡಿ ಬಿದ್ದಿದ್ದ ಮರಗಳೊಳಗೆ ಇಳಿಯಿತು. ಕತ್ತಲಾಗುವವರೆಗೂ ಹುಡುಕಿದರು. ಸಿಕ್ಕಿದ್ದು ಮಾರನೆಯ ಬೆಳಿಗ್ಗೆ ಹತ್ತಕ್ಕೆ, ಕಣಿವೆಯ ತಳದಲ್ಲಿ, ಸತ್ತು ಸೆಟೆದು. ಕೆಳಮಗ್ಗುಲಿನ ತೊಡೆಯನ್ನು ವೆಂಡೆಲ್ ಮೂಳೆಯವರೆಗೆ ಸೀಳಿದಾಗ ಹುಳಿ ವಾಸನೆ ಬಂತು. ಉಳಿದದ್ದು ಚೆನ್ನಾಗಿತ್ತು. ಬ್ರಾಡ್ವೆಲ್ ಕೊಂಬು ಹಿಡಿದು ಫೋಟೊ ತೆಗೆಸಿಕೊಳ್ಳುತ್ತಿದ್ದಾಗ ಅವನು ಸುಲಿದು, ಬೇರ್ಪಡಿಸಿ, ಚೀಲಕ್ಕೆ ತುಂಬಿ, ನೆರಳಿನ ಕೊಂಬೆಗೆ ಎತ್ತಿ ಕಟ್ಟಿದ. ಮೇಲೆ ದಾರಿಯಲ್ಲಿ ಎರಡೇ ಹೇಸರಗತ್ತೆ ಇದ್ದವು. ರೇಡಿಯೊದಲ್ಲಿ ರಸ್‌ನನ್ನು ಕರೆದ.

"ಮೊದ್ಲು ಮಾಂಸ ಇಳಿಸ್ತೀನಿ ರಸ್. ಬಿಸಿಲು ಜೋರಾಗಿದೆ."

"ಅವ್ರ ವಿಮಾನ ನಾಳೆ ಇದೆ. ಬರಿಗೈಲಿ ಕಳಿಸ್ಲಾ? ತಲೆ, ಚರ್ಮ, ಅವ್ರ ಸಾಮಾನು ಹೇರ್ಕೊಂಡು ಬಾ. ಮಾಂಸಕ್ಕೆ ನಾಳೆ ಪ್ರಾಣಿ ಕೊಡ್ತೀನಿ."

"ನಾಳೆ ಅಂದ್ರೆ ನಾಳೆನೇ ತಾನೇ?"

"ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ ನಿಂಗೆ?"

ವೆಂಡೆಲ್ ತಲೆಯನ್ನು ಹೇರಿದ. ಒಂಬತ್ತು ಮೈಲಿ ಇಳಿದ. ಮಾರನೆಯ ದಿನ ಹೊಸದಾಗಿ ಆರು ಜನ ಗಿರಾಕಿಗಳು ಬಂದಿಳಿದಿದ್ದರು. ಹೇಸರಗತ್ತೆಗಳ ಮೇಲೆಲ್ಲ ಅವರ ಹಾಸಿಗೆ, ಪೆಟ್ಟಿಗೆ, ಬಿಯರ್ ಡಬ್ಬಿ. "ನಾಡಿದ್ದು ನೋಡೋಣ," ಅಂದ ರಸ್. ವೆಂಡೆಲ್ ಗೋಡೆಯ ಮೇಲಿದ್ದ ಚೌಕಟ್ಟು ತೆಗೆದುಕೊಂಡು ನಡೆದ.

ಅವನು ಮುಟ್ಟುವಷ್ಟರಲ್ಲಿ ಕರಡಿ ಬಂದು ಹೋಗಿತ್ತು. ಒಳ್ಳೆಯ ತೊಡೆಯನ್ನೂ ಒಂದು ಮುಂಗಾಲನ್ನೂ ಕೊಂಬೆ ಸಮೇತ ಎಳೆದು ಹಾಕಿ, ತಿಂದು, ಮಿಕ್ಕಿದ್ದಕ್ಕೆ ಮಣ್ಣು ಮುಚ್ಚಿತ್ತು. ಉಳಿದದ್ದು ಇನ್ನೊಂದು ಮುಂಗಾಲು, ಬೆನ್ನಿನ ಮಾಂಸ, ಕುತ್ತಿಗೆ. ಮಣ್ಣು ಮುಚ್ಚಿಟ್ಟ ಕರಡಿ ದೂರ ಹೋಗಿರುವುದಿಲ್ಲ. ಅಮ್ಮನ ರೈಫಲನ್ನು ಎದೆಗೆ ಅಡ್ಡ ಹಾಕಿಕೊಂಡು, ಗಟ್ಟಿಯಾಗಿ ಮಾತಾಡುತ್ತ, ಮುಂಗಾಲನ್ನು ಮೇಲಿನ ದಾರಿಗೆ ಸಾಗಿಸಿ ಮತ್ತೆ ಇಳಿದ. ಎರಡನೆಯ ಹೊರೆಯಲ್ಲಿ ಸುಟ್ಟ ದಿಮ್ಮಿಯ ಮೇಲೆ ಕಾಲಿಟ್ಟಾಗ ತೊಗಟೆ ಜಾರಿತು. ಮೊಣಕಾಲು ಒಳಗಡೆಗೆ ತಿರುಚಿತು. ಆ ಸದ್ದು ತನಗೇ ಕೇಳಿಸಿತು ಎಂದಿದ್ದ. ಹೊರೆಯನ್ನು ಮೇಲಕ್ಕೆ ಹಗ್ಗದಲ್ಲಿ ಎಳೆದು, ತಾನು ಅದರ ಹಿಂದೆ ಕುಂಡಿಯ ಮೇಲೆ ತೆವಳಿ ದಾರಿ ಸೇರಿದ. ಮುಂಗಾಲನ್ನು ಅಲ್ಲೇ ಎತ್ತರಕ್ಕೆ ಕಟ್ಟಿ, ನಲವತ್ತು ಪೌಂಡು ಹೊತ್ತು, ಮುರಿದ ರೆಂಬೆ ಊರಿಕೊಂಡು ಹೊರಟ. ಮಾರನೆಯ ಮಧ್ಯಾಹ್ನ ದಾರಿಯ ಬುಡಕ್ಕೆ ಬಂದಾಗ ವನ್ಯಜೀವಿ ವಾರ್ಡನ್ ತನ್ನ ಗಾಡಿಗೆ ಒರಗಿ ನಿಂತಿದ್ದಳು. ಬೇರೆ ಶಿಬಿರದವರು ಕಣಿವೆಯಲ್ಲಿ ಮಾಂಸ ಬಿಟ್ಟುಹೋದದ್ದನ್ನು ನೋಡಿ ದೂರು ಕೊಟ್ಟಿದ್ದರು. ನಮ್ಮಲ್ಲಿ ತಿನ್ನುವ ಮಾಂಸವನ್ನು ಹಾಳು ಬಿಡುವುದು ಅಪರಾಧ.

ಮೊದಲು ಅವನಿಗೆ ನೀರು ಕೊಟ್ಟು ಕೂರಿಸಿದಳು. ಆಮೇಲೆ ಕೇಳಿದಳು: "ಸುಲಿದು ಎಷ್ಟು ದಿನ ಆಯ್ತು?"

"ಇವತ್ತಿಗೆ ಮೂರು."

"ಕೊಂಬು ಯಾವಾಗ ಇಳೀತು?"

"ಅವತ್ತೇ."

"ಅಂದ್ರೆ ಕೊಂಬಿಗೆ ಹೇಸರಗತ್ತೆ ಇತ್ತು, ಮಾಂಸಕ್ಕೆ ಇರ್ಲಿಲ್ಲ. ಯಾರ ತೀರ್ಮಾನ ಅದು?"

"ನಾನೇ ಹೇರಿದ್ದು."

"ನಾನು ಕೇಳಿದ್ದು ಅದಲ್ಲ ವೆಂಡೆಲ್."

"ನನ್ನ ಉತ್ತರ ಅದೇ."

ವಾರ್ಡನ್ ಅವನ ಮೇಲೂ ಬ್ರಾಡ್ವೆಲ್ ಮೇಲೂ ಕೇಸು ಹಾಕಿದಳು. ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಮಾಡಿ ಮನೆಗೆ ಕಳಿಸಿದ ವಾರ ರಸ್ ಒಂದು ಪಾತ್ರೆ ಬೀನ್ಸ್ ಸಾರು ಹಿಡಿದುಕೊಂಡು ಬಂದ. ನಾನೂ ಅಲ್ಲೇ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ.

"ನೋಡು," ಅಂದ ರಸ್, ಟೋಪಿ ಮಂಡಿಯ ಮೇಲಿಟ್ಟುಕೊಂಡು. "ನನ್ನ ಪರವಾನಗಿ ಹೋದ್ರೆ ಶಿಬಿರ ಮುಚ್ಚಬೇಕು. ಹನ್ನೊಂದು ಜನದ ಕೆಲಸ ಹೋಗತ್ತೆ. ನಿನ್ನ ಗೈಡ್ ಪರವಾನಗಿ ಒಂದು ಹೋದ್ರೆ, ದಂಡ ನಾನು ಕಟ್ತೀನಿ, ವಾಪಸ್ ಬಂದಾಗ ನಿನ್ನ ಜಾಗ ಇದ್ದೇ ಇರತ್ತೆ. ಅಪ್ಪ ಯಾವಾಗ್ಲೂ ಹೇಳ್ತಿದ್ರು, ಸ್ಕಾರ್ ಒಬ್ಬನನ್ನ ನಂಬಬಹುದು ಅಂತ."

ವೆಂಡೆಲ್ ಕಿಟಕಿಯ ಕಡೆ ನೋಡುತ್ತಿದ್ದ. "ಸರಿ," ಅಂದ.

ರಸ್ ಹೋದ ಮೇಲೆ ನಾನು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದೆ. "ರೇಡಿಯೊದಲ್ಲಿ ಏನು ಹೇಳಿದ ಅವ್ನು? ಕೋರ್ಟಲ್ಲಿ ಅದನ್ನೇ ಹೇಳೋಕೇನು ನಿಂಗೆ?"

"ಸುಮ್ನಿರು ನೋರೀನ್."

ಕೋರ್ಟಿನ ಕೆಲಸ ಕಾಲು ಗಂಟೆಯಲ್ಲಿ ಮುಗಿಯಿತು. ಬ್ರಾಡ್ವೆಲ್ ಒಹಾಯೋದಿಂದಲೇ ಕಾಗದ ಬರೆದು ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದ. ಮಾಂಸದ ವಿಷಯ ಗೈಡಿಗೆ ಬಿಟ್ಟಿದ್ದೆ ಅಂದಿದ್ದ. ರಸ್ ಕೂಡ ಹಾಗೇ ಬರೆದುಕೊಟ್ಟಿದ್ದ: ಯಾವುದನ್ನು ಮೊದಲು ಇಳಿಸಬೇಕು ಎಂಬುದು ಗೈಡಿನ ವಿವೇಚನೆ. ಆ ವಾಕ್ಯ ಓದುವಾಗ ವೆಂಡೆಲ್ ಊರುಗೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ನ್ಯಾಯಾಧೀಶರು ಏನಾದರೂ ಹೇಳುವುದಿದೆಯೇ ಎಂದಾಗ ಇಲ್ಲ ಅಂದ. ಗೈಡ್ ಪರವಾನಗಿ ರದ್ದಾಯಿತು. ಐದು ವರ್ಷ ಬೇಟೆಯಾಡುವಂತಿಲ್ಲ ಎಂದಾಯಿತು.

ಬೇಸಿಗೆಯಲ್ಲಿ ಕುಂಟುತ್ತ ರಸ್‌ನ ಕೊಟ್ಟಿಗೆಗೆ ಹೋಗಿ, ಅಡುಗೆ ಟೆಂಟಿನಲ್ಲಾದರೂ ಇರುತ್ತೇನೆ ಎಂದು ಕೇಳಿದ. "ವಿಮೆಯವರು ಒಪ್ಪಲ್ಲ ವೆಂಡೆಲ್," ಅಂದ ರಸ್. "ಹೆಸರು ಬೇರೆ ಕೆಟ್ಟಿದೆ. ಗಿರಾಕಿಗಳು ಕೇಳ್ತಾರೆ." ದಂಡವನ್ನು ಮಾತ್ರ ಕಟ್ಟಿದ್ದ, ಅದರಲ್ಲಿ ಮಾತಿಗೆ ತಪ್ಪಲಿಲ್ಲ.

ಹೆಸರು ಕೆಟ್ಟಿದ್ದು ನಿಜ. ತಿಂಡಿಯಂಗಡಿಯಲ್ಲಿ ಅವನು ಕಾಫಿಗೆ ಕೂತರೆ ಹಿಂದಿನ ಮೇಜಿನಿಂದ ಯಾರೋ, "ವೆಂಡೆಲ್, ಕೊಂಬಿನ ಸಾರು ಮಾಡೋದು ಹೇಗೆ ಸ್ವಲ್ಪ ಹೇಳ್ಕೊಡು," ಅನ್ನುವರು. ಮೂವತ್ತನಾಲ್ಕು ವರ್ಷ ಅವನು ಇಳಿಸಿದ ಮಾಂಸ ತಿಂದವರೇ ಅವರೆಲ್ಲ. ಅವನು ಕಾಫಿ ಕುಡಿದು ಮುಗಿಸಿಯೇ ಏಳುತ್ತಿದ್ದ. ಆಮೇಲೆ ಅಲ್ಲಿಗೆ ಹೋಗುವುದನ್ನು ಬಿಟ್ಟ.

ನಾನು ಅವನನ್ನು ಅಂಗಡಿಗೆ ಕರೆದೆ. ಎತ್ತರದ ಸ್ಟೂಲಿನ ಮೇಲೆ ಕೂತು ಮೂಳೆಯಿಂದ ಮಾಂಸ ಬಿಡಿಸುತ್ತಿದ್ದ, ಕಾಗದದಲ್ಲಿ ಸುತ್ತುತ್ತಿದ್ದ. ರಸ್‌ನ ಶಿಬಿರದ ಮಾಂಸವೂ ಬರುತ್ತಿತ್ತು. ಅದನ್ನು ಬೇಡ ಅಂದೆನೆಂದು ಹೇಳಿದರೆ ಸುಳ್ಳಾಗುತ್ತದೆ. ನನ್ನ ಬೇಟೆ ಕಾಲದ ಅರ್ಧ ಕೆಲಸ ರಸ್‌ನದೇ, ನಾನು ಬಾಯಿ ಮುಚ್ಚಿಕೊಂಡು ತೆಗೆದುಕೊಂಡೆ. ವೆಂಡೆಲ್‌ಗೆ ಸಮಾಧಾನ ಹೇಳುವ ಯೋಗ್ಯತೆ ನನಗೂ ಇರಲಿಲ್ಲ. ಹೊಸ ಗೈಡ್ ತರುತ್ತಿದ್ದ ತೊಡೆಗಳಲ್ಲಿ ಕೈಯಗಲ ಹೆಪ್ಪುಗಟ್ಟಿದ ರಕ್ತ, ಅಂಟಿದ ಕೂದಲು. ದೂರದಿಂದ ಹೊಡೆದು ಹೊಡೆದು ಜಜ್ಜಿದ್ದು. ವೆಂಡೆಲ್ ಒಂದೊಂದೇ ಕೂದಲು ತೆಗೆಯುತ್ತ ಕೂರುತ್ತಿದ್ದ.

ಎರಡನೆಯ ಚಳಿಗಾಲದಲ್ಲಿ ಒಂದು ಮಧ್ಯಾಹ್ನ, ಮೇಜು ಉಜ್ಜುತ್ತಿರುವಾಗ, ಕಣಿವೆಯ ಕತೆಯನ್ನೆಲ್ಲ ಅವನಾಗಿಯೇ ಹೇಳಿದ.

"ಹನ್ನೊಂದು ಜನಕ್ಕೋಸ್ಕರ ಅಂತ ನಿಂಗೆ ಹೇಳ್ಬೋದು," ಅಂದ ಕೊನೆಗೆ. "ಆದ್ರೆ ಅದಲ್ಲ ಕಣೇ. ಸ್ಕಾರ್ ಒಬ್ಬನನ್ನ ನಂಬಬಹುದು ಅಂದ್ನಲ್ಲ ರಸ್, ಅದು ಕೇಳೋಕೆ ಚೆನ್ನಾಗಿತ್ತು. ಅವ್ನಿಗದು ಗೊತ್ತಿತ್ತು. ರೇಡಿಯೊದಲ್ಲೂ ಅದನ್ನೇ ಹಿಡಿದು ಎಳೆದ. ನಾನು ಅವತ್ತೇ ಆಗಲ್ಲ ಅಂದು ಮಾಂಸ ಹೇರಿದ್ರೆ ಏನ್ಮಾಡ್ತಿದ್ದ? ಬೈತಿದ್ದ, ಅಷ್ಟೇ."

"ಈಗ್ಲೂ ಹೇಳ್ಬೋದು ನೀನು."

"ಯಾರಿಗೆ? ಆ ಕರಡಿಗಾ?"

ಐದು ವರ್ಷ ತುಂಬಿದ ನವೆಂಬರ್‌ನಲ್ಲಿ ಅವನಿಗೆ ಒಂದು ಹೆಣ್ಣು ಎಲ್ಕ್ ಹೊಡೆಯುವ ಅನುಮತಿ ಸಿಕ್ಕಿತು. ಬೆಟ್ಟ ಹತ್ತುವ ಕಾಲು ಉಳಿದಿರಲಿಲ್ಲ. ಹುಲ್ಲಿನ ಗದ್ದೆಗೆ ಎಲ್ಕ್ ನುಗ್ಗಿ ಮೇವು ಹಾಳು ಮಾಡುತ್ತಿವೆ ಎಂದು ಹೊಲದವರೊಬ್ಬರು ಬಾ ಅಂದರು. ನಾನೇ ಕರೆದುಕೊಂಡು ಹೋದೆ. ಬೇಲಿಯ ಕಂಬಕ್ಕೆ ಟೋರಾಳ ರೈಫಲ್ ಊರಿ, ನೂರು ಹೆಜ್ಜೆಯಿಂದ ಒಂದೇ ಗುಂಡು. ಎಲ್ಕ್ ನಾಲ್ಕು ಹೆಜ್ಜೆ ನಡೆದು ಕುಸಿಯಿತು. ಅವನು ಚಾಕು ತೆಗೆದು, ಕೆಟ್ಟ ಕಾಲನ್ನು ಚಾಚಿ, ಅದರ ಪಕ್ಕ ಕೂತುಕೊಂಡ. ಹೊಟ್ಟೆ ಸೀಳಿ ಕರುಳು ತೆಗೆದು ಮುಗಿಸುವಷ್ಟರಲ್ಲಿ ಹೊಲದವರು ಟ್ರ್ಯಾಕ್ಟರ್ ತಂದರು. ಸರಪಳಿ ಬಿಗಿದು ಇಡೀ ಪ್ರಾಣಿಯನ್ನು ಒಮ್ಮೆಗೇ ಎತ್ತಿ ನನ್ನ ಪಿಕಪ್ಪಿನೊಳಗೆ ಇಳಿಸಿದರು. ಐದು ನಿಮಿಷವೂ ಹಿಡಿಯಲಿಲ್ಲ.

ವೆಂಡೆಲ್ ಹತ್ತಿ ಚೀಲಗಳ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ.

"ಸುಲಭವಾಯ್ತಲ್ಲ," ಅಂದೆ, ಏನಾದರೂ ಹೇಳಬೇಕಲ್ಲ ಎಂದು.

"ಹೌದು," ಅಂದ. ಗದ್ದೆಯ ಮೇಲೆ ಬಿದ್ದಿದ್ದ ರಕ್ತದ ಕಲೆಯನ್ನೂ ಟ್ರ್ಯಾಕ್ಟರಿನ ಗಾಲಿಯ ಗುರುತನ್ನೂ ನೋಡುತ್ತಿದ್ದ. "ನಾನು ಬರದೇ ಇದ್ರೂ ಆಗ್ತಿತ್ತು."

ಮರುವರ್ಷ ಅನುಮತಿಯ ಅರ್ಜಿ ಬಂದಾಗ ವೆಂಡೆಲ್ ಅದನ್ನು ಓದಿ, ಮಡಿಸಿ, ಕಸದ ಡಬ್ಬಿಗೆ ಹಾಕಿ, ಸ್ಟೂಲನ್ನು ಮೇಜಿನ ಹತ್ತಿರ ಎಳೆದುಕೊಂಡ. ರಸ್‌ನ ಶಿಬಿರದಿಂದ ಎಂಟು ತೊಡೆ ಬಂದಿದ್ದವು.