ಸಹಿ ಅಕ್ಕ

ದೊಡ್ಡ ಬ್ಯಾಂಕಿನ ಮೂರನೇ ಮಹಡಿಯಲ್ಲಿ, ಲಿಫ್ಟಿನ ಪಕ್ಕದ ಮೇಜಿನಲ್ಲಿ ಕೂತು ಇಪ್ಪತ್ತಾರು ವರ್ಷದಿಂದ ಚೆಕ್ಕಿನ ಸಹಿಗಳನ್ನು ತಾಳೆ ನೋಡುತ್ತಿರುವ ಈಕೆಯನ್ನು ಮ್ಯಾನೇಜರೂ 'ಸಹಿ ಅಕ್ಕ' ಎಂದೇ ಕರೆಯುತ್ತಾರೆ. ಮುಖ ನೆನಪಿಟ್ಟುಕೊಳ್ಳುವ ಗೊಡವೆ ಆಕೆಗಿಲ್ಲ. ದಾರಿಯಲ್ಲಿ ನಮಸ್ಕರಿಸಿದವರನ್ನು ಪಿಳಿಪಿಳಿ ನೋಡುತ್ತಾಳೆ. ಅವರು ಸಹಿ ಹಾಕಿ ತೋರಿಸಿದರೆ ಮನೆಮಂದಿಯನ್ನೆಲ್ಲ ವಿಚಾರಿಸುತ್ತಾಳೆ. ಕಂಪ್ಯೂಟರ್ ಒಪ್ಪಿದರೂ ಈಕೆ ಒಪ್ಪಬೇಕು. ಅನುಮಾನ ಬಂದರೆ ಚೆಕ್ಕನ್ನು ತಲೆಕೆಳಗಾಗಿ ಹಿಡಿಯುತ್ತಾಳೆ: "ನೆಟ್ಟಗೆ ಹಿಡಿದ್ರೆ ಹೆಸರು ಓದೋಕೆ ಹೋಗ್ತೀವಿ, ಬರೆದ ಕೈ ಕಾಣಲ್ಲ." ಮಗಳ ಮಾರ್ಕ್ಸ್ ಕಾರ್ಡನ್ನೂ ಹಾಗೇ ತಿರುಗಿಸಿ, "ನಿಮ್ಮಪ್ಪ ಬಾಲಾನ ಇಷ್ಟುದ್ದ ಎಳೆಯೋದಿಲ್ಲ ಕಣೇ" ಎಂದು ಕಳ್ಳ ಸಹಿ ಹಿಡಿದಾಕೆ. ಆದರೆ ಕೈ ನಡುಗುವ ಮುದುಕರ ಚೆಕ್ಕು ಬಂದರೆ ಮಾತ್ರ ವಾಪಸು ಕಳಿಸುವುದಿಲ್ಲ. ಫೋನ್ ಮಾಡಿ ಕರೆಸಿ, ಪಕ್ಕದಲ್ಲಿ ಕುರ್ಚಿ ಹಾಕಿ, "ನಿಧಾನಕ್ಕೆ ಹಾಕಿ ಅಜ್ಜ, ಇನ್ಮೇಲೆ ಇದೇ ನಿಮ್ಮ ಸಹಿ" ಎಂದು ಹೊಸ ಮಾದರಿ-ಸಹಿ ಕಾರ್ಡಿನಲ್ಲಿ ಬರೆಸಿಕೊಳ್ಳುತ್ತಾಳೆ. ತನ್ನ ಅಪ್ಪ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ಸಿಕ್ಕ ಚೆಕ್ಕೊಂದು ಆಕೆಯ ಡ್ರಾಯರಿನಲ್ಲಿದೆ. ಪಾರ್ಶ್ವವಾಯು ಬಡಿದ ಕೈಯಲ್ಲಿ ಅವರು ಸಹಿ ಹಾಕಿದ್ದು. ಅದರ ಮೇಲಿನ 'ಸಹಿ ಹೊಂದುವುದಿಲ್ಲ' ಎಂಬ ಷರಾ ಆಕೆಯದೇ. ಅವತ್ತೂ ತಲೆಕೆಳಗಾಗಿ ಹಿಡಿದೇ ನೋಡಿದ್ದಳು, ಹೆಸರು ಓದಿರಲಿಲ್ಲ.