ಅಕ್ಕನ ದನಿ ಕತ್ತರಿಸಿದವನು

ನಮ್ಮ ಕನ್ನಡಕದಂಗಡಿಯ ಹಿಂಬದಿ ಕೋಣೆಯಲ್ಲಿ ಮೂವತ್ತೊಂದು ವರ್ಷದಿಂದ ಗಾಜು ಉಜ್ಜಿ ಕೂರಿಸುವವನನ್ನು ನಾವೆಲ್ಲ ಗೀರುಮಾವ ಎನ್ನುತ್ತೇವೆ. ಗಿರಾಕಿಗೆ ಕಾಣದ ಗೀರು ಅವನಿಗೆ ಕಾಣುತ್ತದೆ. ಕಂಡ ಮೇಲೆ ಸುಮ್ಮನಿರುವ ಜಾಯಮಾನ ಅವನದಲ್ಲ. ಇನ್ನೊಂದು ಸುತ್ತು ಉಜ್ಜಿಯೇ ಕೊಡುವುದು. ಮುಂದಿನ ಕೌಂಟರಿನಲ್ಲಿ ಕೂತು ಗಿರಾಕಿಯಿಂದ ಬೈಸಿಕೊಳ್ಳುವವನು ಮಾತ್ರ ನಾನು.

ಅವನ ಅಕ್ಕ ಶಾಲೆಯಲ್ಲಿ ವಿಜ್ಞಾನದ ಟೀಚರಾಗಿದ್ದವಳು. ಇಬ್ಬರೂ ಮದುವೆಯಾಗದೆ ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಒಟ್ಟಿಗಿದ್ದರು. ನಿವೃತ್ತಳಾದ ಮೇಲೆ ಎದೆಯ ಕಾಯಿಲೆ ಹಿಡಿದು ಅವಳು ಮೆಟ್ಟಿಲಿಳಿಯುವುದು ನಿಂತಿತು. ಕಿಟಕಿ ಪಕ್ಕದ ಮಂಚದಲ್ಲಿ ಕೂತು ಕಂಡದ್ದನ್ನೇ ಬರೆಯತೊಡಗಿದಳು: ಕಾಗೆ ಯಾರದೋ ಮನೆಯ ತಂತಿ ಹ್ಯಾಂಗರ್ ಕದ್ದು ಗೂಡು ಕಟ್ಟಿದ್ದು, ಜೇಡ ಒಂದೇ ಮೂಲೆಯಲ್ಲಿ ಐದು ಸಲ ಬಲೆ ನೇಯ್ದದ್ದು. ಪ್ರಕೃತಿ ಬರಹಗಳನ್ನು ಓದಿ ಕೇಳಿಸುವ ಪಾಡ್‌ಕಾಸ್ಟ್ ಒಂದಕ್ಕೆ ಅದನ್ನು ಕಳಿಸಿದಾಗ, ನೀವೇ ಓದಿ ರೆಕಾರ್ಡ್ ಮಾಡಿ ಕಳಿಸಿ ಎಂದರು. ಅಕ್ಕನಿಗೆ ಎರಡು ಸಾಲು ಓದುವಷ್ಟರಲ್ಲಿ ಕೆಮ್ಮು. ಓದುವ ಕೆಲಸ ತಮ್ಮನ ಕೊರಳಿಗೆ ಬಿತ್ತು.

ಪ್ರತಿ ಭಾನುವಾರ ಮಧ್ಯಾಹ್ನ ಫ್ಯಾನ್ ನಿಲ್ಲಿಸಿ, ಫ್ರಿಜ್ಜಿನ ಪ್ಲಗ್ ಕಿತ್ತು, ಹೊದಿಕೆಯ ಮುಸುಕೆಳೆದುಕೊಂಡು ಫೋನಿಗೆ ಓದುತ್ತಿದ್ದ. ಅಕ್ಕ ಪಾಠ ಒಪ್ಪಿಸಿಕೊಳ್ಳುವವಳಂತೆ ಮಂಚದಿಂದಲೇ ತಡೆಯುವಳು. ನಿಧಾನ ಎನ್ನುವಳು, ಕಾಗೆಯ ಮೇಲೆ ನಿನಗೇನು ಸಿಟ್ಟು ಎನ್ನುವಳು, ನಗುವಳು, ಕೆಮ್ಮುವಳು. ಸಂಜೆ ಕೂತು ಇವನು ಅದನ್ನೆಲ್ಲ ಕತ್ತರಿಸಿ ತೆಗೆಯುತ್ತಿದ್ದ. ಗೀರುಮಾವನಲ್ಲವೇ, ಒಂದನ್ನೂ ಉಳಿಸಲಿಲ್ಲ. ಫೋನಿನಲ್ಲಿ ಜಾಗ ಸಾಲದೆಂದು ಮೂಲ ರೆಕಾರ್ಡಿಂಗನ್ನೂ ವಾರವಾರ ಅಳಿಸಿದ. ಹೀಗೆ ನಲವತ್ತಮೂರು ಕಂತಾದವು.

ಅಕ್ಕ ತೀರಿಕೊಂಡು ತಿಂಗಳಾದ ಮೇಲೆ, ಅವಳ ದನಿ ಕೇಳಬೇಕೆನಿಸಿ ಒಂದೊಂದೇ ಕಂತು ಹಾಕಿದನಂತೆ. ನಲವತ್ತಮೂರರಲ್ಲೂ ಬರೀ ಇವನದೇ ದನಿ. ಮರುದಿನ ಅಂಗಡಿಗೆ ಬಂದವನು ಮಧ್ಯಾಹ್ನದವರೆಗೆ ಒಂದು ಗಾಜನ್ನೂ ಮುಟ್ಟಲಿಲ್ಲ.

"ನನ್ನ ಕೈಯಾರೆ ಅಳಿಸಿಬಿಟ್ಟೆ ಕಣಯ್ಯಾ," ಎಂದ.

ಬಾಯಿಬಡುಕ ನಾನು, ವಿಡಿಯೊ ಏನಾದರೂ ಇರಬಹುದು ನೋಡು ಎಂದೆ. ಒಂದೇ ಮನೆಯಲ್ಲಿದ್ದವರು ಯಾತಕ್ಕೆ ವಿಡಿಯೊ ಮಾಡಿಕೊಳ್ಳುತ್ತಾರೆ ಎಂದು ಕೇಳಿದ.

ಅಕ್ಕ ಬರೆದಿಟ್ಟ ಬರಹ ಇನ್ನೊಂದು ಉಳಿದಿತ್ತು. ಅದನ್ನು ಓದಿ ಕಳಿಸಿದರೆ ಪಾಡ್‌ಕಾಸ್ಟಿನವರು ವಾಪಸ್ ಮಾಡಿದರು: ಕೋಣೆ ಖಾಲಿ ಡಬ್ಬದಂತೆ ಗುಂಯ್‌ಗುಡುತ್ತಿದೆ, ಮೊದಲಿನ ಕೋಣೆಯಲ್ಲೇ ಓದಿ. ಅದು ಮೊದಲಿನ ಕೋಣೆಯೇ. ಅಕ್ಕನ ಮಂಚ, ಹಾಸಿಗೆ, ಬಟ್ಟೆ ತುಂಬಿದ ಕಪಾಟನ್ನು ಯಾರಿಗೋ ಕೊಟ್ಟಾಗಿತ್ತು, ಅಷ್ಟೇ.

ಒಬ್ಬನೇ ಓದಲಾಗುತ್ತಿಲ್ಲವೆಂದು ಆ ಭಾನುವಾರ ನನ್ನನ್ನು ಕರೆದ. ಹಾಗೆಲ್ಲ ಕರೆಯುವ ಮನುಷ್ಯನಲ್ಲ, ಹೋದೆ. ರೆಕಾರ್ಡಿಂಗಿನಲ್ಲಿ ಮಾತು ಕತ್ತರಿಸಿದ ಕಡೆ ಹಳ್ಳ ಬಿದ್ದಂತೆ ಕೇಳಬಾರದೆಂದು, ಯಾರೂ ಮಾತಾಡದ ಕೋಣೆಯ ಸದ್ದನ್ನು ಒಂದು ನಿಮಿಷ ಹಿಡಿದಿಟ್ಟು ಅದರಿಂದ ತೇಪೆ ಹಾಕುತ್ತಾರಂತೆ. ಮೊದಲ ಕಂತಿನ ದಿನ ಹಿಡಿದದ್ದೊಂದನ್ನೇ ಅಳಿಸದೆ ಇಟ್ಟು ಅವನು ಇಷ್ಟು ದಿನ ಬಳಸಿದ್ದ, ಅದೂ ಶುರುವಿನ ಕೆಲವೇ ಸೆಕೆಂಡು. ಕೋಣೆ ಎಷ್ಟು ಬದಲಾಗಿದೆ ನೋಡೋಣವೆಂದು ಅದನ್ನು ಹಾಕಿದ. ಈ ಸಲ ಪೂರ್ತಿ ಓಡಲು ಬಿಟ್ಟ.

ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಉಸಿರು ಬಿಗಿಹಿಡಿದ ಒಂದು ಸಣ್ಣ ದನಿ: "ಇನ್ನು ಕೆಮ್ಮಲೇನೋ?"

"ಇನ್ನೊಂಚೂರು ತಡ್ಕೊಳಕ್ಕಾ," ಎಂದಿತು ಅವನದೇ ದನಿ.

ಅವಳು ತಡೆದುಕೊಂಡಳು. ನಿಮಿಷ ತುಂಬಿ ಸದ್ದು ನಿಂತಿತು. ಗೀರುಮಾವ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಯ ಹತ್ತಿರ ತಂದ.

"ಕೆಮ್ಮಕ್ಕಾ," ಎಂದ. "ಕೆಮ್ಮು."